ಕೇಳಿದ್ದಕ್ಕಷ್ಟೇ ಉತ್ತರ

೩ ನವೆಂಬರ್ ೧೯೩೮, ಗುರುವಾರ

ಇಂದಿನಿಂದ ಪ್ರತಿ ಗುರುವಾರ ನಮ್ಮ ಮನೆಯಲ್ಲಿ ಒಬ್ಬರಿಗೆ ವಾರಾನ್ನ. ಹೆಂಡತಿ ರೆಗುಲಾ ಚರ್ಚಿನ ಹೆಂಗಸರ ಸಂಘದಲ್ಲಿ ಹೆಸರು ಬರೆಸಿ ಬಂದು, ಆಮೇಲೆ ನನಗೆ ಹೇಳಿದಳು. ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು ಇಲ್ಲಿ ದುಡಿಯುವಂತಿಲ್ಲ. ಅದಕ್ಕೆ ಜ್ಯೂರಿಕ್‌ನ ಮನೆಗಳವರು ವಾರದ ದಿನಗಳನ್ನು ಹಂಚಿಕೊಂಡು ಅವರಿಗೆ ಊಟ ಹಾಕುತ್ತಿದ್ದಾರೆ. ಯಾರೋ ಬಟ್ಟೆ ಅಂಗಡಿಯವನು ಬರುತ್ತಾನೆ, ಸೂಪು ಕುಡಿಯುತ್ತ ಅವನ ಗೋಳು ಕೇಳಬೇಕು ಎಂದುಕೊಂಡು ನಾನು ಮುಖ ಸಿಂಡರಿಸಿಕೊಂಡೇ ಕೂತಿದ್ದೆ. ಬಂದದ್ದು ಗಣಿತದವನು! ಅದರಲ್ಲೂ ಗಂಟುಗಳ ಗಣಿತದವನು. ಈ ಊರಿನಲ್ಲಿ ಅದನ್ನು ಮಾಡುವವನು ಇಷ್ಟು ದಿನ ನಾನೊಬ್ಬನೇ.

ಹೆಸರು ಡಾ. ಎಗೊನ್ ಫೆಲ್ನರ್. ಮೂವತ್ತೊಂದು ವರ್ಷ, ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಕೋಟಿನ ತೋಳು ಮಣಿಕಟ್ಟಿಗಿಂತ ಎರಡು ಬೆರಳು ಗಿಡ್ಡ, ಯಾರೋ ಕೊಟ್ಟದ್ದು. ಬಾಯಿ ಮಾತ್ರ ವಿಯೆನ್ನಾದ್ದೇ.

"ಇನ್ನೊಂದ್ ಚೂರು ರೋಸ್ತಿ ಹಾಕ್ಲಾ?" ಎಂದು ರೆಗುಲಾ ಕೇಳಿದಳು.

"ಡಾಕ್ಟರಮ್ಮ, ಮಂಗಳವಾರದ ಮನೇಲೂ ಆಲೂಗಡ್ಡೆ, ಬುಧವಾರದ ಮನೇಲೂ ಆಲೂಗಡ್ಡೆ. ನಿಮ್ ದೇಶದೋರು ಒಂದ್ಸಲ ಸಾಬೀತಾದ್ದನ್ನ ಬಿಡೋರಲ್ಲ. ಹಾಕಿ, ಹಾಕಿ."

ನನಗಿರುವ ಡಾಕ್ಟರೇಟಿನಿಂದ ಅವಳು ಅವರಿಗೆ ಡಾಕ್ಟರಮ್ಮ. ರೆಗುಲಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಎಲ್ಲ ಬಿಟ್ಟು ಬಂದಿರಲ್ಲ, ಕೆಲಸ ಹೇಗೆ ಮಾಡುತ್ತೀರಿ ಎಂದು ವಿಚಾರಿಸಿದೆ. "ರಸಾಯನಶಾಸ್ತ್ರ ಓದಿದ್ರೆ ಪ್ರಯೋಗಶಾಲೇನೇ ಹೊತ್ಕೊಂಡು ಓಡ್ಬೇಕಿತ್ತು. ನಂಗೇನ್ರೀ, ಒಂದ್ ಪೆನ್ಸಿಲ್ ಸಾಕು. ಎಲ್ಲಿ ಕೂತ್ರೂ ನಡೆಯುತ್ತೆ" ಎಂದರು. ಒಳ್ಳೆಯ ಮನುಷ್ಯ. ಇಂಥವರೊಡನೆ ಮಾತಾಡದೆ ಎಷ್ಟು ವರ್ಷವಾಗಿತ್ತು!

೧ ಡಿಸೆಂಬರ್, ಗುರುವಾರ

ಊಟವಾದ ಮೇಲೆ ಫೆಲ್ನರ್ ರೆಗುಲಾಳ ಉಣ್ಣೆದಾರ ತೆಗೆದುಕೊಂಡು ಸಿಕ್ಕಾಪಟ್ಟೆ ಸುತ್ತಿ, ಎರಡು ತುದಿಗಳನ್ನೂ ಸೇರಿಸಿ ಹೊಲಿದು ಅವಳ ಮುಂದಿಟ್ಟರು. "ಕತ್ತರಿ ಮುಟ್ಟದೆ ಬಿಡಿಸ್ಬಹುದಾ, ಆಗಲ್ವಾ? ಎಳ್ದು ನೋಡ್ಬಾರ್ದು, ಲೆಕ್ಕ ಹಾಕಿ ಹೇಳ್ಬೇಕು." ಇದು ನನ್ನದೇ ಪ್ರಶ್ನೆ. ಯಾವುದು ನಿಜವಾದ ಗಂಟು, ಯಾವುದು ಬರಿಯ ಗೋಜಲು ಎಂದು ಲೆಕ್ಕದಿಂದಲೇ ಹೇಳುವ ವಿಧಾನವನ್ನು ನಾನು ಒಂಬತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಬೆಳಿಗ್ಗೆ ಹೈಸ್ಕೂಲಿನ ಹುಡುಗರಿಗೆ ತ್ರಿಕೋನಮಿತಿ ಹೇಳಿ, ಸಂಜೆ ವಿಶ್ವವಿದ್ಯಾಲಯದಲ್ಲಿ ಪೀಠವಿಲ್ಲದ ಉಪನ್ಯಾಸಕನಾಗಿ ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ಹುಡುಕುವುದು.

ಫೆಲ್ನರ್‌ಗೆ ಅದು ಸಿಕ್ಕಿದೆಯಂತೆ.

"ಮಾರ್ಚ್‌ನಲ್ಲಿ ನಾಜಿಗಳು ಬಂದಾಗ ಒಬ್ರ ಮನೆ ಅಟ್ಟದ ಮೇಲೆ ಹನ್ನೊಂದ್ ದಿನ ಬಚ್ಚಿಟ್ಕೊಂಡಿದ್ದೆ. ಮಾಡೋಕೆ ಬೇರೆ ಏನೂ ಕೆಲ್ಸ ಇರ್ಲಿಲ್ಲ" ಎಂದರು, ಅದೇನು ದೊಡ್ಡದಲ್ಲ ಎನ್ನುವಂತೆ.

ನನಗೆ ನಿಜಕ್ಕೂ ಸಂತೋಷವಾಯಿತು. ಗಣಿತದಲ್ಲಿ ಯಾರು ಕಂಡುಹಿಡಿದರೂ ಒಂದೇ. ಸಂಜೆಯ ಹೊತ್ತಿಗೆ ತಲೆನೋವು ಬಂದು ಪಾಠ ರದ್ದು ಮಾಡಿ ಮಲಗಿದೆ.

೨೨ ಡಿಸೆಂಬರ್, ಗುರುವಾರ

ಮಾರ್ಚ್ ೩೧ರೊಳಗೆ ದೇಶ ಬಿಡಬೇಕೆಂದು ಪರದೇಶಿಗಳ ಕಚೇರಿಯಿಂದ ಫೆಲ್ನರ್‌ಗೆ ಪತ್ರ ಬಂದಿದೆ. ಉಳಿಯಲು ಒಂದೇ ದಾರಿ: ಈ ಸಂಶೋಧನೆ ಇಲ್ಲಿಯೇ ನಡೆಯಬೇಕು ಎಂದು ವಿಶ್ವವಿದ್ಯಾಲಯ ಬರೆದುಕೊಟ್ಟರೆ ಒಂದು ವರ್ಷ ಕೊಡುತ್ತಾರೆ, ಮುಂದೆಯೂ ಕೊಡಬಹುದು. ರೆಗುಲಾ ಬಿಸ್ಕತ್ತಿನ ಡಬ್ಬಿಯನ್ನು ಹಾಗೇ ಅವರ ಕೈಗೆ ಕೊಟ್ಟು, ನನ್ನನ್ನು ತೋರಿಸಿ, "ಬರ್ಕೊಡ್ತಾರೆ. ನಮ್ ಎಮಿಲ್ ಅಲ್ಲೇ ಇದ್ದಾನಲ್ಲ" ಎಂದಳು. ನಾನೂ ಹೌದು ಎಂದೆ. ಕೈಲಾದದ್ದನ್ನೆಲ್ಲ ಮಾಡುತ್ತೇನೆ.

೧೬ ಜನವರಿ ೧೯೩೯, ಸೋಮವಾರ

ಪ್ರೊಫೆಸರ್ ಶ್ಟುಕಿ ತಮ್ಮ ಕೋಣೆಗೆ ಕರೆಸಿದರು. ನಮ್ಮ ವಿಭಾಗದ ಪೀಠ ಅವರದು, ಇನ್ನೆರಡು ವರ್ಷಕ್ಕೆ ನಿವೃತ್ತಿ. ಮೇಜಿನ ಮೇಲೆ ಫೆಲ್ನರ್‌ರ ಹಸ್ತಪ್ರತಿ ಇತ್ತು, ಅರುವತ್ತೆಂಟು ಪುಟ.

"ಏನ್ರೀ ಬ್ರೆನ್‌ವಾಲ್ಡ್, ಇದು ನಿಮ್ ವಿಷ್ಯಾನೇ ಅಲ್ವಾ? ಓದಿ ವರದಿ ಬರೀರಿ. ನಂಗೆ ಈ ಗಂಟು ಗಿಂಟು ತಲೆಗ್ ಹೋಗಲ್ಲ. ನೀವು ಏನ್ ಬರೀತೀರೋ ಅದಕ್ಕೆ ನನ್ ಸಹಿ."

ನಾನು ಎದ್ದಾಗ ಅವರು ಮತ್ತೆ ಕೂರಿಸಿದರು. "ನೋಡಿ, ನಾನು ಹೋದ್ಮೇಲೆ ಈ ಕುರ್ಚಿ ನಿಮ್ಗೇ ಬರ್ಲಿ ಅಂತ ನನ್ನಾಸೆ. ಹೊರಗಿನೋರು ಬೇಡ. ಆದ್ರೆ ಮಂಡ್ಲಿಯೋರು ಒಂದ್ ದೊಡ್ ಪ್ರಮೇಯ ಕೇಳ್ತಾರೆ. ನಿಮ್ದೇನಾದ್ರೂ ಹತ್ರ ಬಂತಾ?"

"ಬರ್ತಾ ಇದೆ" ಎಂದೆ. ಹಸ್ತಪ್ರತಿ ಈಗ ನನ್ನ ಚೀಲದಲ್ಲಿದೆ. ಇನ್ನೊಬ್ಬರ ಕೂಸನ್ನು ಹೊತ್ತು ತಂದಷ್ಟು ಜೋಪಾನವಾಗಿ ಟ್ರ್ಯಾಮಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

೨೬ ಜನವರಿ, ಗುರುವಾರ

ಇಪ್ಪತ್ತು ಪುಟ ಓದಿದೆ. ಚೆನ್ನಾಗಿದೆ. ಬಹಳ ಚೆನ್ನಾಗಿದೆ ಎಂದೇ ಬರೆಯಬೇಕು.

ಫೆಲ್ನರ್ ಹೋದ ಮೇಲೆ ರೆಗುಲಾ ಹಿಡಿದುಕೊಂಡಳು. "ಮೂರು ತಿಂಗ್ಳಿಂದ ನಮ್ ಮೇಜಲ್ಲಿ ಉಣ್ತಿದ್ದಾರೆ, ಇನ್ನೂ ಡಾಕ್ಟರೇ, ಡಾಕ್ಟರೇ ಅಂತಿದ್ದೀಯಲ್ಲ. ದೊಡ್ಡೋನು ನೀನು, ಸಲುಗೆ ಮೊದ್ಲು ನೀನೇ ಕೊಡ್ಬೇಕು. ಒಂದ್ ಲೋಟ ವೈನ್ ಎತ್ತಿ, ಇನ್ಮೇಲೆ ನಾನು ಎಮಿಲ್ ಅನ್ನೋಕೆ ಏನ್ ಗಂಟ್ಲು ಕಟ್ಟುತ್ತಾ?"

ಪರೀಕ್ಷಕನಾದವನು ಸಲುಗೆ ಬೆಳೆಸಬಾರದು, ವರದಿ ಮುಗಿಯಲಿ ಎಂದೆ.

"ಹೌದಪ್ಪ, ನಗೋಕೂ ಮೊದ್ಲು ಅರ್ಜಿ ಹಾಕು" ಎಂದು ತಟ್ಟೆಗಳನ್ನು ಎತ್ತಿಕೊಂಡು ಹೋದಳು.

೪ ಫೆಬ್ರವರಿ, ಶನಿವಾರ

ಪುಟ ನಲವತ್ತೊಂದು!

ಏಳನೆಯ ಉಪಪ್ರಮೇಯದಲ್ಲಿ "ಇದು ಸ್ಪಷ್ಟ" ಎಂದು ಬರೆದು ಫೆಲ್ನರ್ ಮುಂದಕ್ಕೆ ಹೋಗಿಬಿಟ್ಟಿದ್ದಾರೆ. ಸ್ಪಷ್ಟವಲ್ಲ. ದಾರ ತನ್ನ ಮೇಲೇ ಎರಡು ಸಲ ಹಾಯುವ ಕಡೆ ಅವರ ವಾದ ನಿಲ್ಲುವುದೇ ಇಲ್ಲ. ಅಲ್ಲೊಂದು ತೂತಿದೆ. ಮುಂದಿನ ಇಪ್ಪತ್ತೇಳು ಪುಟವೂ ಅದರ ಮೇಲೆಯೇ ನಿಂತಿವೆ. ಮೂರು ಸಲ ಓದಿದೆ, ಬೇರೆ ಕಾಗದದಲ್ಲಿ ಬರೆದು ನೋಡಿದೆ. ಅನುಮಾನವೇ ಇಲ್ಲ. ನಾನು ಇಪ್ಪತ್ತು ವರ್ಷದಲ್ಲಿ ಒಂದು ಲೇಖನದಲ್ಲೂ "ಇದು ಸ್ಪಷ್ಟ" ಎಂದು ಬರೆದವನಲ್ಲ. ಅಟ್ಟದ ಮೇಲೆ ಕೂತು ಆತುರ ಪಟ್ಟರೆ ಹೀಗಾಗುತ್ತದೆ.

ಇದು ಹೊಟ್ಟೆಕಿಚ್ಚಲ್ಲ. ಬೇಸರವೇ ಆಯಿತು. ಮಧ್ಯಾಹ್ನ ಎಂಥ ಹಸಿವು ಎಂದರೆ ಮೂರು ಮೊಟ್ಟೆ ತಿಂದು, ರೆಗುಲಾ ಸಂಜೆಗೆಂದು ಇಟ್ಟಿದ್ದ ಸೇಬಿನ ಕಡುಬನ್ನೂ ಮುಗಿಸಿದೆ.

೯ ಫೆಬ್ರವರಿ, ಗುರುವಾರ

ಫೆಲ್ನರ್ ವರದಿಯ ಮಾತೆತ್ತಲಿಲ್ಲ. ಅದು ಅವರ ಸಭ್ಯತೆ. ಯಾರು ಬರೆಯುತ್ತಿದ್ದಾರೆಂದು ಅವರಿಗೆ ಗೊತ್ತಿರಬಾರದು ಎಂಬುದು ನಿಯಮ, ಗೊತ್ತಿದೆ ಎಂಬುದು ಮುಖದಲ್ಲೇ ಕಾಣುತ್ತಿತ್ತು. ತೂತಿನ ವಿಷಯ ನಾನೂ ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಕೂತು ಮುಚ್ಚಿಬಿಡುತ್ತಿದ್ದರೇನೋ. ಆದರೆ ಗುಟ್ಟೆಂದರೆ ಗುಟ್ಟು. ನಿಯಮ ನನಗೊಂದು, ಇನ್ನೊಬ್ಬರಿಗೊಂದು ಆಗಬಾರದು.

೧೨ ಫೆಬ್ರವರಿ, ಭಾನುವಾರ

ಒಬ್ಬನೇ ಊಟ್ಲಿಬರ್ಗ್ ಗುಡ್ಡ ಹತ್ತಿದೆ. ಮೇಲೆ ಹಿಮ, ಕೆಳಗೆ ಊರೆಲ್ಲ ಮಂಜು. ಅರ್ಧ ದಾರಿಯ ಬೆಂಚಿನ ಮೇಲೆ ಬ್ರೆಡ್ಡು ತಿನ್ನುವಾಗ ಥಟ್ಟನೆ ಹೊಳೆಯಿತು. ತೂತು ಮುಚ್ಚುವ ಉಪಾಯ! ಅರ್ಧ ಪುಟ ಸಾಕು. ಬ್ರೆಡ್ಡು ಸುತ್ತಿದ್ದ ಕಾಗದದ ಮೇಲೇ ಬರೆದೆ. ಇಡೀ ಪ್ರಮೇಯ ನಿಲ್ಲುತ್ತದೆ, ಮೊದಲಿನಿಂದ ಕೊನೆಯವರೆಗೂ. ಹಿಮದಲ್ಲಿ ನಿಂತು ಒಬ್ಬನೇ ಗಟ್ಟಿಯಾಗಿ ನಕ್ಕೆ. ಒಂಬತ್ತು ವರ್ಷದ ಮೇಲೆ ನನಗೂ ಒಂದು ತುಣುಕು ಸಿಕ್ಕಿತು.

೧೪ ಫೆಬ್ರವರಿ, ಮಂಗಳವಾರ

ವರದಿ ಕಳುಹಿಸಿದೆ. ಪರದೇಶಿಗಳ ಕಚೇರಿಯ ಪತ್ರದಲ್ಲಿ ಮೂರು ಪ್ರಶ್ನೆಗಳಿದ್ದವು. ಸಲ್ಲಿಸಿದ ಕೃತಿ ಪೂರ್ಣವೂ ದೋಷರಹಿತವೂ ಆಗಿದೆಯೇ ಎಂಬುದು ಮೊದಲನೆಯದು. ಇಲ್ಲ, ಪುಟ ನಲವತ್ತೊಂದರ ಏಳನೆಯ ಉಪಪ್ರಮೇಯ ಸಾಬೀತಾಗಿಲ್ಲ ಎಂದು ಬರೆದೆ. ಈ ಕೆಲಸವನ್ನು ಮಾಡಬಲ್ಲ ಸ್ವಿಸ್ ಪ್ರಜೆ ಯಾರೂ ಇಲ್ಲವೇ ಎಂದು ಕೇಳಿದ್ದರು. ಒಬ್ಬರಿದ್ದಾರೆ ಎಂದೆ, ಅದು ಸತ್ಯ. ಈ ಕೆಲಸಕ್ಕೆ ಅರ್ಜಿದಾರರು ಜ್ಯೂರಿಕ್‌ನಲ್ಲೇ ಇರುವುದು ಅಗತ್ಯವೇ ಎಂಬುದು ಕೊನೆಯದು. ಗಣಿತಕ್ಕೆ ಪೆನ್ಸಿಲ್ಲು ಸಾಕು, ಎಲ್ಲಿ ಕೂತರೂ ನಡೆಯುತ್ತದೆ. ಫೆಲ್ನರ್ ತಮ್ಮ ಬಾಯಿಂದಲೇ ಹೇಳಿದ ಮಾತು.

ತೂತು ಮುಚ್ಚಬಹುದು ಎಂಬ ಸಂಗತಿ ಬರೆಯಲೇ ಎಂದು ಬೆಳಗೆಲ್ಲ ಯೋಚಿಸಿದೆ. ಅವರು ಕೇಳಿದ್ದು ಸಲ್ಲಿಸಿದ ಕೃತಿಯ ಬಗ್ಗೆ, ಅದು ಮುಂದೆ ಏನಾಗಬಹುದು ಎಂಬುದರ ಬಗ್ಗೆ ಅಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ನಮ್ಮ ಕಸುಬಿನ ಮರ್ಯಾದೆ. ಮನಸ್ಸು ಹಗುರವಾಗಿದೆ.

೯ ಮಾರ್ಚ್, ಗುರುವಾರ

ಇಂದು ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಫೆಲ್ನರ್ ಎಂದಿನ ಹೊತ್ತಿಗೇ ಬಂದರು, ಎಂದಿನಂತೆ ಬೂಟನ್ನು ಚೆನ್ನಾಗಿ ಒರೆಸಿಕೊಂಡು ಒಳಗೆ ಬಂದರು. ಸೂಪು ಮುಗಿಯುವವರೆಗೂ ಹವೆಯ ಮಾತೇ. ಆಮೇಲೆ ಚಮಚ ಕೆಳಗಿಟ್ಟರು.

"ಅರ್ಜಿ ತಳ್ಳಿಹಾಕಿದ್ರು, ಡಾಕ್ಟರಮ್ಮ. ಕಾರಣ ಓದಿ ಹೇಳಿದ್ರು, ಬರೆದೋರ ಹೆಸ್ರು ಹೇಳ್ಲಿಲ್ಲ. ಗುಮಾಸ್ತ ಪಾಪ, ಉಪಪ್ರಮೇಯ ಅನ್ನೋಕೆ ಎರಡ್ ಸಲ ಎಡವಿದ." ಆಮೇಲೆ ನನ್ನ ಕಡೆ ತಿರುಗಿ ಶಾಂತವಾಗಿ, "ಮನೆಗ್ ಹೋಗಿ ನೋಡ್ದೆ. ಬರೆದಿದ್ರಲ್ಲಿ ಒಂದಕ್ಷರ ತಪ್ಪಿಲ್ಲ, ಡಾಕ್ಟರೇ. ತೂತು ಇದ್ದೇ ಇದೆ" ಎಂದರು.

ರೆಗುಲಾ ಇಬ್ಬರ ಮುಖವನ್ನೂ ನೋಡಿದಳು. "ಎಮಿಲ್, ಅದನ್ನ ಮುಚ್ಚೋಕಾಗಲ್ವಾ?"

"ಆಗುತ್ತೆ. ಅರ್ಧ ಪುಟ."

"ಯಾವಾಗ ಗೊತ್ತಾಯ್ತು ನಿಂಗೆ?"

"ಹೋದ್ ತಿಂಗ್ಳು, ಭಾನುವಾರ."

"ವರದಿ ಕಳ್ಸಿದ್ದು?"

"ಅದಾಗಿ ಎರಡ್ ದಿನಕ್ಕೆ, ಮಂಗಳವಾರ."

"ನೀನೇನು ಸುಳ್ಳು ಹೇಳ್ಬೇಕಾಗಿರ್ಲಿಲ್ಲ ಕಣೋ" ಎಂದಳು. ದನಿ ಏರಿಸಲಿಲ್ಲ. "ಇನ್ನೆರಡು ಸಾಲು ಬರೆದಿದ್ರೆ ಆಗ್ತಿತ್ತು."

"ಅದನ್ನ ಅವ್ರು ಕೇಳಿರ್ಲಿಲ್ಲ" ಎಂದೆ.

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ತೊಳೆಯಲು ಅಲ್ಲಿ ಒಂದು ತಟ್ಟೆಯೂ ಇರಲಿಲ್ಲ. ಫೆಲ್ನರ್ ಮಾಂಸ ಮುಟ್ಟದೆ ಎದ್ದರು. ಅನ್ನ ಹಾಕಿದ ಮನೆಯ ಮೇಲೆ ಮುನಿಸಿಕೊಂಡು ಎದ್ದು ಹೋಗುವುದು ಚೆಂದವಲ್ಲ, ಆದರೆ ಅವರ ಸ್ಥಿತಿಯಲ್ಲಿ ಅದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

೩೦ ಮಾರ್ಚ್, ಗುರುವಾರ

ಬೆಳಿಗ್ಗೆ ರೈಲು ನಿಲ್ದಾಣಕ್ಕೆ ಹೋದೆವು. ಫ್ರಾನ್ಸಿನಲ್ಲಿ ಅವರ ಪರಿಚಯದವರೊಬ್ಬರು ಲಿಯೋನ್‌ನಲ್ಲಿ ಕೋಣೆ ಕೊಡುತ್ತಾರಂತೆ. ರೆಗುಲಾ ಬ್ರೆಡ್ಡು, ಸಾಸೇಜು, ಹೊಸ ಕೈಗವಸು ಕೊಟ್ಟು ಅಪ್ಪಿಕೊಂಡಳು. ಅಷ್ಟು ಜನರ ಎದುರಿಗೆ ಅತ್ತಳು.

ಫೆಲ್ನರ್ ಕಿಟಕಿಯಿಂದ ಬಗ್ಗಿ, "ಆ ತೂತು ಹೇಗ್ ಮುಚ್ಚಿದ್ರಿ, ಹೇಳಿ. ಮೂರ್ ವಾರದಿಂದ ತಲೆ ಕೆರ್ಕೋತಿದ್ದೀನಿ" ಎಂದು ಕೇಳಿದರು. ಹೇಳಿದೆ. ಅವರ ಮುಖ ಅರಳಿತು. ಯಾರೂ ನಂಬಲಿಕ್ಕಿಲ್ಲ, ಆದರೆ ನಿಜವಾಗಿಯೂ ಅರಳಿತು. "ಭೇಷ್! ಎಷ್ಟ್ ಸುಲಭ! ಇದು ನಿಮ್ದು ಕಣ್ರೀ, ಅಚ್ಚು ಹಾಕ್ಸಿ" ಎಂದರು. ರೈಲು ಹೊರಟಿತು.

ಹೀಗೆ ಪ್ರಕಟಣೆಗೆ ಸ್ವತಃ ಅವರದೇ ಒಪ್ಪಿಗೆ ಸಿಕ್ಕಂತಾಯಿತು.

ಹಸ್ತಪ್ರತಿ ಶ್ಟುಕಿಯವರು ವಾಪಸು ಕೇಳಿಲ್ಲ. ನನ್ನ ಬಳಿಯೇ ಇದೆ.

೨೦ ಏಪ್ರಿಲ್, ಗುರುವಾರ

ರೆಗುಲಾ ಮೂರನೆಯ ತಟ್ಟೆಯನ್ನೂ ಹಾಕಿದಳು. ಯಾರೂ ಬರುವವರಿಲ್ಲ ಎಂದೆ. ನನಗೆ ಗೊತ್ತು ಎಂದಳು.

೧೪ ನವೆಂಬರ್ ೧೯೪೦

ಲೇಖನ ಅಚ್ಚಾಗಿ ಬಂತು, ಎಪ್ಪತ್ತೊಂದು ಪುಟ. ಶ್ಟುಕಿಯವರು ಸಭೆಯಲ್ಲಿ ಅದನ್ನು "ಬ್ರೆನ್‌ವಾಲ್ಡ್ ವಿಧಾನ" ಎಂದು ಕರೆದರು. ನಾನಾಗಿ ಆ ಹೆಸರಿಟ್ಟದ್ದಲ್ಲ. ವಿಯೆನ್ನಾದ ಡಾ. ಎ. ಫೆಲ್ನರ್ ಅವರೊಡನೆ ನಡೆದ ಉಪಯುಕ್ತ ಮಾತುಕತೆಗೆ ಋಣಿ ಎಂದು ಅಡಿಟಿಪ್ಪಣಿಯಲ್ಲಿ ಹಾಕಿದ್ದೇನೆ. ಅಷ್ಟೂ ಹಾಕದವರು ಎಷ್ಟು ಜನ ಇಲ್ಲ!

ರೆಗುಲಾ ಲೇಖನದ ಮೊದಲ ಪುಟ ನೋಡಿ, ಕೊನೆಯ ಪುಟ ನೋಡಿ, ಮೇಜಿನ ಮೇಲೆ ಮಗುಚಿಟ್ಟಳು. ಅವಳೀಗ ಹೊಲಿಗೆಯ ಕೋಣೆಯಲ್ಲಿ ಮಲಗುತ್ತಾಳೆ. ನನ್ನ ಗೊರಕೆಯೇ ಕಾರಣವಿರಬೇಕು. ಲಿಯೋನ್‌ನಿಂದ ಬರುವ ಕಾರ್ಡುಗಳು ಅವಳ ಹೆಸರಿಗೇ ಬರುತ್ತವೆ, ಏನು ಬರೆದಿದ್ದಾರೆ ಎಂದು ನಾನು ಕೇಳುವುದಿಲ್ಲ.

೧೦ ಮೇ ೧೯೪೧, ಶನಿವಾರ

ಹನ್ನೊಂದು ಗಂಟೆಗೆ ಪೀಠಾರೋಹಣದ ಉಪನ್ಯಾಸ. ದೊಡ್ಡ ಸಭಾಂಗಣ ತುಂಬಿತ್ತು. ಕೊನೆಯಲ್ಲಿ ವಿದ್ಯಾರ್ಥಿಗಳು ಬೆರಳ ಗಿಣ್ಣಿನಿಂದ ಡೆಸ್ಕು ಕುಟ್ಟಿ ಮೆಚ್ಚುಗೆ ತೋರಿದ ಸದ್ದು ಎರಡು ನಿಮಿಷ ನಿಲ್ಲಲಿಲ್ಲ. ಹದಿನಾಲ್ಕು ವರ್ಷ ಕಾದದ್ದು ಸಾರ್ಥಕವಾಯಿತು. ಹೊತ್ತು ಸಾಲದೆ ಏಳನೆಯ ಉಪಪ್ರಮೇಯದ ಕಡೆ "ಇದು ಸ್ಪಷ್ಟ" ಎಂದು ಹೇಳಿ ಮುಂದೆ ಹೋದೆ. ಯಾರೂ ಆಕ್ಷೇಪಿಸಲಿಲ್ಲ.

ಮೊದಲ ಸಾಲಿನಲ್ಲಿ ಪ್ರೊಫೆಸರರ ಪತ್ನಿಯ ಕುರ್ಚಿ ಖಾಲಿ ಇತ್ತು. ರೆಗುಲಾ ಸರೋವರದ ಹತ್ತಿರದ ಮೈದಾನದಲ್ಲಿ ಆಲೂಗಡ್ಡೆ ನೆಡಲು ಹೋಗಿದ್ದಳು. ದೇಶದಲ್ಲಿ ಆಹಾರಕ್ಕೆ ಕಷ್ಟ, ಎಲ್ಲರೂ ನೆಡುತ್ತಿದ್ದಾರೆ. ಅವಳಿಗೆ ನೆಗಡಿ ಎಂದು ಜನಕ್ಕೆ ಹೇಳೋಣ ಎಂದು ಶ್ಟುಕಿಯವರೇ ಸೂಚಿಸಿದರು. ನಾನು ಸುಮ್ಮನಿದ್ದೆ.

೨೯ ಸೆಪ್ಟೆಂಬರ್ ೧೯೪೨, ಮಂಗಳವಾರ, ಬೆಳಿಗ್ಗೆ

ಫೋನು ಬಂದಾಗ ಒಂಬತ್ತೂವರೆ.

"ಪ್ರೊಫೆಸರ್ ಬ್ರೆನ್‌ವಾಲ್ಡ್ ಮನೇನಾ? ಜಿನೀವಾ ಕಡೆ ಗಡಿ ಠಾಣೆಯಿಂದ ಹವಾಲ್ದಾರ ಮಾತಾಡ್ತಿರೋದು ಸಾರ್. ನಿಮ್ ಮನೆಯೋರು ಇದ್ದಾರಾ?"

ರೇಷನ್ ಸಾಲಿನಲ್ಲಿ ನಿಲ್ಲಲು ಹೋಗಿದ್ದಾಳೆ, ಅರ್ಧ ಗಂಟೆಯಲ್ಲಿ ಬರುತ್ತಾಳೆ ಎಂದೆ.

"ಪರ್ವಾಗಿಲ್ಲ, ನೀವೇ ಹೇಳ್ಬಹುದು. ಬೆಳಗಿನ ಜಾವ ತಂತಿಬೇಲಿ ನುಸುಳಿ ಒಬ್ಬ ಬಂದಿದ್ದಾನೆ. ಫೆಲ್ನರ್ ಅಂತ. ಫ್ರಾನ್ಸಲ್ಲಿ ಯಹೂದಿಗಳನ್ನ ರೈಲಿಗೆ ತುಂಬ್ತಿದ್ದಾರಲ್ಲ ಸಾರ್, ಅದ್ರಿಂದ ತಪ್ಪಿಸ್ಕೊಂಡೋನು. ಜ್ಯೂರಿಕಲ್ಲಿ ನಮ್ಮಕ್ಕ ಇದ್ದಾಳೆ, ರೆಗುಲಾ ಬ್ರೆನ್‌ವಾಲ್ಡ್ ಅಂತ, ಅವಳನ್ನೇ ಕೇಳಿ, ಅವಳನ್ನೇ ಕೇಳಿ ಅಂತಾನೆ. ಒಡಹುಟ್ಟಿದೋರು ಇಲ್ಲಿದ್ರೆ ಒಳಗ್ ಬಿಡಬಹುದು ಅಂತ ಆದೇಶ ಇದೆ. ಇಲ್ದಿದ್ರೆ ವಾಪಸ್ ದಾಟಿಸ್ಬೇಕು. ನಿಮ್ ಮನೆಯೋರ ತಮ್ಮನಾ ಸಾರ್ ಅವ್ನು?"

ಹವಾಲ್ದಾರ ದನಿ ತಗ್ಗಿಸಿ, "ಯೋಚ್ನೆ ಮಾಡಿ ಹೇಳಿ. ಕಾಗದಪತ್ರ ತರ್ಸಿ ನೋಡೋಕೆ ನಂಗೆ ಪುರುಸೊತ್ತಿಲ್ಲ. ನೀವ್ ಏನ್ ಹೇಳ್ತೀರೋ ಅದನ್ನೇ ಬರ್ಕೋತೀನಿ" ಎಂದ.

"ಅಲ್ಲ" ಎಂದೆ. ಅನುಮಾನ ಉಳಿಯಬಾರದೆಂದು, ರೆಗುಲಾ ಅವರಪ್ಪನಿಗೆ ಒಬ್ಬಳೇ ಮಗಳು ಎಂದೂ ಸೇರಿಸಿದೆ.

"ಆಯ್ತು ಸಾರ್" ಎಂದ. "ಮಧ್ಯಾಹ್ನ ಒಂದಿಷ್ಟು ಊಟ ಹಾಕಿ ದಾಟಿಸ್ತೀವಿ."

ಸರಿಯಾದ ಉತ್ತರವನ್ನೇ ಕೊಟ್ಟೆ. ಗಡಿಯಲ್ಲಿ ನಿಂತವನಿಗೆ ಪ್ರೊಫೆಸರನಾದವನು ಸುಳ್ಳು ಹೇಳಿದರೆ ಈ ದೇಶದಲ್ಲಿ ನಂಬುವುದು ಯಾರನ್ನು? ಫೆಲ್ನರ್ ಹಾಗೆ ಹೇಳಬಾರದಿತ್ತು. ಹೇಳುವುದಾದರೆ ನನ್ನ ಹೆಸರನ್ನಾದರೂ ಹೇಳಬಹುದಿತ್ತು, ಪರಿಚಯ ಹೌದೇ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಅವರು ರೆಗುಲಾಳ ಹೆಸರೊಂದನ್ನೇ ಹೇಳಿದ್ದಾರೆ. ಫೋನು ಅವಳೇ ಎತ್ತುತ್ತಾಳೆ ಎಂದು ನೆಚ್ಚಿಕೊಂಡಿರಬೇಕು.

ಹತ್ತಕ್ಕೆ ಐದು ನಿಮಿಷವಿರುವಾಗ ಅವಳು ಬಂದಳು. ನಾನಿನ್ನೂ ನಡುಮನೆಯಲ್ಲಿ ಫೋನಿನ ಪಕ್ಕದಲ್ಲೇ ನಿಂತಿದ್ದೆ. ಮಧ್ಯಾಹ್ನಕ್ಕೆ ಇನ್ನೂ ಎರಡು ಗಂಟೆ ಇತ್ತು. ಅವಳು ಚೀಲ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಯಾಕೋ ಹೀಗ್ ನಿಂತಿದ್ದೀಯ? ಯಾರಾದ್ರೂ ಫೋನ್ ಮಾಡಿದ್ರಾ?"

ಯಾರೂ ಇಲ್ಲ ಎಂದೆ.